ಹುಳ ತುಳಿಯದ ಆಟ

2007ರ ಅಕ್ಟೋಬರ್ 15, ಸೋಮವಾರ, ಬೆಳಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಕಾರ್ಖಾನೆಗೆ ರಜೆ ಹಾಕಿ, ಜಗಲಿಯ ಮೇಲೆ ಕೂತು ಇದನ್ನು ಬರೆಯಲು ಶುರುಮಾಡಿದ್ದೇನೆ. ರಜೆ ಚೀಟಿಯಲ್ಲಿ ಕಾರಣ ಎಂಬಲ್ಲಿ ‘ಮನೆ ಕೆಲಸ’ ಎಂದು ಬರೆದಿದ್ದೆ. ನಿಜವಾದ ಕಾರಣ ಒಂದು ಫೋನು. ಅಪ್ಪ ಮುಂಜಾನೆಯೇ ರೇಷ್ಮೆಗೂಡಿನ ಚೀಲಗಳನ್ನು ಟೆಂಪೋಗೆ ಹೇರಿಕೊಂಡು ರಾಮನಗರದ ಮಾರುಕಟ್ಟೆಗೆ ಹೋಗಿದ್ದಾನೆ. ಹರಾಜು ಮುಗಿದ ಮೇಲೆ ಫೋನು ಮಾಡುತ್ತಾನೆ. ಅಲ್ಲಿಯವರೆಗೆ ಅವ್ವ ಅಡುಗೆಮನೆಯಲ್ಲಿ ತೊಳೆದ ಪಾತ್ರೆಯನ್ನೇ ತೊಳೆಯುತ್ತಾಳೆ, ನಾನು ಬರೆಯುತ್ತೇನೆ. ಇಬ್ಬರದೂ ಒಂದೇ ರೋಗ, ಔಷಧಿ ಬೇರೆ.

ಆ ಫೋನಿನಿಂದ ಏನು ತೀರ್ಮಾನವಾಗಬೇಕು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಸಲದ ಗೂಡು ಮಾರುಕಟ್ಟೆಯಲ್ಲಿ ಸೈ ಅನ್ನಿಸಿಕೊಂಡರೆ ಅವ್ವನ ಹುಳುವಿನ ಮನೆ ಹುಳುವಿನ ಮನೆಯಾಗಿಯೇ ಉಳಿಯುತ್ತದೆ. ಇಲ್ಲದಿದ್ದರೆ ಅದರೊಳಗೆ ಅಡ್ಡಗೋಡೆ ಎಬ್ಬಿಸಿ, ನಾಲ್ಕು ಕೋಣೆ ಮಾಡಿ, ಹಾರೋಹಳ್ಳಿ ಕಡೆ ಏಳುತ್ತಿರುವ ಶೆಡ್ಡುಗಳಿಗೆ ಕೆಲಸಕ್ಕೆ ಬರುವ ಹುಡುಗರಿಗೆ ಬಾಡಿಗೆಗೆ ಕೊಡುವುದು. ಗೌರಿಹಬ್ಬದ ಹೊತ್ತಿಗೆ ಅಪ್ಪ, ಅವ್ವ ಇಬ್ಬರೂ ಒಪ್ಪಿಕೊಂಡ ಮಾತಿದು. ಅಪ್ಪ ಕೆಟ್ಟವನಲ್ಲ. “ಸೊಪ್ಪು ಕುಯ್ಯಾಕೆ ಆಳಿಲ್ಲ, ಹುಳ ಆಯಾಕೆ ಆಳಿಲ್ಲ, ಎಲ್ಲ ಕಂಪನಿ ಬಸ್ಸು ಹತ್ಬುಟ್ರು. ಬಾಡಿಗೇರ‍್ಗೆ ದಿನಕ್ಕೆ ನಾಕು ಸತಿ ಸೊಪ್ಪು ಹಾಕ್ಬೇಕಾ, ಹೇಳು?” ಎಂದು ಕೇಳುತ್ತಾನೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಮಾತು ಮುಗಿಯುವ ಮೊದಲೇ ಮಾದರಿಗೆಂದು ಒಂದು ಸಿಮೆಂಟ್ ಬ್ಲಾಕು ತಂದು ಹುಳುವಿನ ಮನೆಯ ಬಾಗಿಲ ಹತ್ತಿರ ಇಟ್ಟಿದ್ದು ಮಾತ್ರ ಸ್ವಲ್ಪ ಅತಿಯಾಯಿತು. ಅವ್ವ ಬಾಗಿಲು ಗಾಳಿಗೆ ಬಡಿದುಕೊಳ್ಳದಂತೆ ಅದನ್ನೇ ಅಡ್ಡ ಕೊಟ್ಟಳು.

ಇಷ್ಟಾದರೂ ನಾನು ಬರೆಯಬೇಕೆಂದುಕೊಂಡಿದ್ದು ಗೂಡಿನ ಬಗ್ಗೆ ಅಲ್ಲ. ಜಪಾನಿನಲ್ಲಿರುವ ಒಬ್ಬ ದೊಡ್ಡ ಮನುಷ್ಯನ ಬಗ್ಗೆ. ವಿಡಿಯೋ ಗೇಮುಗಳನ್ನು ಕಟ್ಟುವುದು ಅವರ ಕಸುಬು. ಆಡುವವರ ಲೋಕದಲ್ಲಿ ಅವರಿಗೆ ನಮ್ಮ ಕಡೆ ಸಿನಿಮಾ ನಟರಿಗಿರುವಷ್ಟು ಹೆಸರಿದೆಯಂತೆ. ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ನಮ್ಮ ಮನೆಯಲ್ಲಿ ಅವರನ್ನು ‘ಜಪಾನಿನೋನು’ ಎಂದೇ ಕರೆಯುವುದು. ಮನೆಯವರಂತೆ ಏಕವಚನಕ್ಕೆ ಬಂದುಬಿಟ್ಟವರಿಗೆ ಪೂರ್ತಿ ಹೆಸರು ಯಾಕೆ?

ಮರಳವಾಡಿ ಪಕ್ಕದ ನಮ್ಮ ಊರಿಗೆ ಜಪಾನು ಅಂಥ ದೂರದ ದೇಶವೇನಲ್ಲ. ಬಿಳಿಗೂಡು ಕಟ್ಟುವ ಹುಳುವಿನ ತಳಿ ಅಲ್ಲಿಂದ ಬಂದದ್ದು ಎನ್ನುತ್ತಾರೆ. ಬಿಡದಿಯ ಕಾರ್ಖಾನೆಗಳಲ್ಲಿ ಏನಾದರೂ ಶಿಸ್ತಿನ ಮಾತು ಬಂದರೆ ಅದೂ ಜಪಾನಿನದೇ. ನಾನು ಬಿಡಿಭಾಗಗಳ ಕಾರ್ಖಾನೆಯೊಂದರ ಉಗ್ರಾಣದಲ್ಲಿ ಲೆಕ್ಕ ಬರೆಯುವವಳು. ನಟ್ಟು ಬೋಲ್ಟುಗಳನ್ನು ಎಣಿಸಿ ಎಣಿಸಿ ನನಗೆ ಎಣಿಸುವುದೇ ಸ್ವಭಾವವಾಗಿಬಿಟ್ಟಿದೆ. ಮನೆಗೆ ಬಂದ ಮೇಲೂ ನಿಲ್ಲುವುದಿಲ್ಲ. ನನ್ನ ತಮ್ಮ ಮಂಜ ಇನ್ನೊಂದು ಕಾರ್ಖಾನೆಯಲ್ಲಿ ಪಾಳಿ ಕೆಲಸ ಮಾಡುತ್ತಾನೆ. ಹೋದ ವರ್ಷ ಅವನು ರಾಮನಗರದಿಂದ ಟಿವಿಗೆ ಸಿಕ್ಕಿಸುವ ಆಟದ ಪೆಟ್ಟಿಗೆಯೊಂದನ್ನು ತಂದ. ಅದರ ತಳದಲ್ಲಿ ಜಪಾನಿನ ಹೆಸರಿರಲಿಲ್ಲ. ಅಸಲಿಯನ್ನು ನೋಡಿ ಬೇರೆಲ್ಲೋ ಮಾಡಿದ ನಕಲಿ. ಆದರೆ ದೊಡ್ಡವರ ಪ್ರಭಾವ ಗೊತ್ತಾಗುವುದೇ ಹಾಗೆ. ಅಸಲಿ ಸಾಮಾನು ಮರಳವಾಡಿಯವರೆಗೆ ಬರುವುದಿಲ್ಲ, ನಕಲು ಬಂದೇ ಬರುತ್ತದೆ.

ಆಟ ಬಹಳ ಸರಳ. ಒಬ್ಬ ಪುಟ್ಟ ಮನುಷ್ಯ ಬಲಗಡೆಗೆ ಓಡುತ್ತಾನೆ, ಗುಂಡಿ ಬಂದರೆ ಹಾರುತ್ತಾನೆ. ಎದುರಿಗೆ ಹುಳುಹುಪ್ಪಟೆಯಂಥ ಪ್ರಾಣಿಗಳು ತೆವಳಿಕೊಂಡು ಬರುತ್ತವೆ. ಅವು ತಾಕಿದರೆ ಸತ್ತ, ಅವುಗಳ ಮೇಲೆ ಹಾರಿ ತುಳಿದರೆ ಗೆದ್ದ. ಒಂದು ಹಂತ ಮುಗಿದರೆ ಇನ್ನೊಂದು ಹಂತ, ಅದು ಮುಗಿದರೆ ಮತ್ತೊಂದು. ಹಂತ ಎಂದು ನಾನು ಮರ್ಯಾದೆಗೆ ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲಿ ಅದಕ್ಕೆ ‘ಜ್ವರ’ ಎನ್ನುತ್ತಾರೆ. ರೇಷ್ಮೆಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಮೇವು ಬಿಟ್ಟು, ತಲೆ ಎತ್ತಿ, ಅಲುಗಾಡದೆ ಕೂತು, ಪೊರೆ ಕಳಚುತ್ತದೆ. ಅದೇ ಜ್ವರ. ಒಂದನೇ ಜ್ವರ, ಎರಡನೇ ಜ್ವರ ಎಂದು ಎಣಿಸುತ್ತ ಬೆಳೆದವರಿಗೆ ಹಂತ ಹಂತವಾಗಿ ಕಷ್ಟವಾಗುತ್ತ ಹೋಗುವ ಯಾವುದನ್ನು ಕಂಡರೂ ಜ್ವರವೇ ನೆನಪಾಗುತ್ತದೆ. ಮಂಜನ ಜೊತೆ ಕೆಲಸ ಮಾಡುವ ಶಿವು ಭಾನುವಾರ ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ, “ಎಷ್ಟ್ನೇ ಜ್ವರದಲ್ಲಿದ್ದೀಯ್ಲಾ?” ಎನ್ನುತ್ತಾನೆ. ಹೊಸಬರು ಕೇಳಿದರೆ ಮನೆಯಲ್ಲಿ ಯಾರಿಗೋ ಮೈ ಸರಿಯಿಲ್ಲ ಎಂದುಕೊಂಡು ಹಣ್ಣು ತರಲು ಹೋಗಬೇಕು.

ಒಂದು ಭಾನುವಾರ ಮಂಜ ಎಷ್ಟು ಸಲ ಸತ್ತ ಎಂದು ನಾನು ಡೈರಿಯಲ್ಲಿ ಗೀಟು ಹಾಕುತ್ತಾ ಹೋದೆ. ನಲವತ್ತೊಂದಾಯಿತು. ಓದಿ ಹೇಳಿದ್ದಕ್ಕೆ ಅವ್ವ ರೇಗಿದಳು. “ಬುಡ್ತು ಅನ್ನು. ಒಡಹುಟ್ಟಿದೋನ ಸಾವ್ನ ಯಾರಾದ್ರೂ ಗೀಟಾಕಿ ಲೆಕ್ಕ ಇಡ್ತಾರಾ?” ಬಿಡ್ತು ಎಂದೆ. ಗೀಟು ಅಳಿಸಲಿಲ್ಲ.

ಆ ಜಪಾನಿನವರ ಬಗ್ಗೆ ನಾನು ಓದಿದ್ದು ಕನಕಪುರದ ಸೈಬರ್ ಸೆಂಟರಿನಲ್ಲಿ. ಅವರು ಚಿಕ್ಕಂದಿನಲ್ಲಿ ಗುಡ್ಡಗಾಡು ಅಲೆದವರಂತೆ. ಮುಂದೆ ಏನಿದೆಯೋ ಎಂಬ ಆ ಕುತೂಹಲವನ್ನೇ ಆಟವಾಗಿಸಿದರಂತೆ. ಇದನ್ನು ಓದಿ ನನಗೆ ಸ್ವಲ್ಪ ಬೇಜಾರಾಯಿತು. ಗುಡ್ಡಕ್ಕೇನು, ರಾಮನಗರದ ಸುತ್ತ ಬೇಕಾದಷ್ಟಿವೆ. ನಮ್ಮ ಹುಡುಗರೂ ಬಂಡೆ ಹತ್ತಿ, ಪೊಟರೆಗೆ ಕೈ ಹಾಕಿ, ಜೇನು ಕಚ್ಚಿಸಿಕೊಂಡೇ ಬೆಳೆದವರು. ಒಬ್ಬನೂ ಆಟ ಕಟ್ಟಲಿಲ್ಲ. ಗುಡ್ಡ ನೋಡಿದರೆ ನಮ್ಮವರಿಗೆ ಒಂದೋ ದೇವಸ್ಥಾನ ಹೊಳೆಯುತ್ತದೆ, ಇಲ್ಲವೇ ಜಲ್ಲಿ.

ಅಲ್ಲಿ ಓದಿದ ಇನ್ನೊಂದು ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಅವರ ಆಟಗಳಲ್ಲಿ ಹೀಗೆ ಮಾಡು, ಹಾಗೆ ಮಾಡು ಎಂಬ ಉಪದೇಶವೇ ಕಡಿಮೆ. ಮೊದಲನೆಯ ಹಂತವೇ ಪಾಠ. ವಿಶಾಲವಾದ ಜಾಗದಲ್ಲಿ ಒಂದೇ ಒಂದು ಪ್ರಾಣಿಯನ್ನು ಎದುರಿಗೆ ಬಿಡುತ್ತಾರೆ. ಹಾರಬೇಕು ಎಂದು ನಿಮಗೆ ತಾನಾಗಿಯೇ ಗೊತ್ತಾಗುತ್ತದೆ. ಗೊತ್ತಾಗದಿದ್ದರೆ ಸಾಯುತ್ತೀರಿ, ಆದರೆ ಶುರುವಿನಲ್ಲೇ ಸತ್ತದ್ದರಿಂದ ನಷ್ಟವಿಲ್ಲ. ಆಮೇಲೆ ಎರಡು ಪ್ರಾಣಿ, ಆಮೇಲೆ ಪ್ರಾಣಿಯ ಜೊತೆಗೆ ಗುಂಡಿ. ಕಲಿತೆ ಎಂದು ಗೊತ್ತಾಗುವ ಮೊದಲೇ ಕಲಿತಿರುತ್ತೀರಿ. ಜಗತ್ತಿನಲ್ಲಿ ಆಮೇಲೆ ಬಂದ ಎಷ್ಟೋ ಆಟಗಳು ಈ ದಾರಿಯನ್ನೇ ಹಿಡಿದವಂತೆ. ಇದನ್ನು ನಾನು ಬಹಳ ಮೆಚ್ಚಿಕೊಂಡು ಡೈರಿಯಲ್ಲಿ ಬರೆದುಕೊಂಡೆ, ಅಡಿಗೆರೆ ಎಳೆದೆ. ಬರೆದುಕೊಂಡ ಮಾತ್ರಕ್ಕೆ ಬುದ್ಧಿ ಬರುವುದಿಲ್ಲ ಎಂಬುದು ನಿನ್ನೆಯಲ್ಲ, ಅದರ ಹಿಂದಿನ ಭಾನುವಾರ ತಿಳಿಯಿತು.

ಅಂದು ಏಳನೇ ತಾರೀಕು. ಬೆಳಗ್ಗೆ ಅವ್ವ ಹುಳುವಿನ ಮನೆಯಿಂದ ಹೊರಗೆ ಬಂದು, “ಹಣ್ಣಾಗ್ಬುಟ್ಟವೆ” ಎಂದಳು. ಹಣ್ಣಾಗುವುದೆಂದರೆ ಹುಳು ಮೇಯುವುದನ್ನು ಬಿಟ್ಟು ನೂಲು ಬಿಡಲು ತಯಾರಾಗುವುದು. ಆಗ ಅವನ್ನು ಒಂದೊಂದಾಗಿ ಕೈಯಲ್ಲಿ ಆಯ್ದು, ಬಿದಿರಿನ ಚಂದ್ರಂಕಿಯ ಮೇಲೆ ಬಿಡಬೇಕು. ಅದರ ಸುರುಳಿಗಳ ಸಂದಿಯಲ್ಲಿ ಕೂತು ಅವು ಗೂಡು ಕಟ್ಟುತ್ತವೆ. ತಡವಾದರೆ ಸೊಪ್ಪಿನ ಕಸದಲ್ಲೇ ಕಟ್ಟಿ ಹಾಳಾಗುತ್ತವೆ. ಹಣ್ಣಾಗದ್ದನ್ನು ಬಿಟ್ಟರೆ ಅದು ಮೇವಿಲ್ಲದೆ ಅಲೆದು ಸೊರಗುತ್ತದೆ. ಒತ್ತೊತ್ತಾಗಿ ಬಿಟ್ಟರೆ ಎರಡು ಹುಳು ಸೇರಿ ಒಂದೇ ಗೂಡು ಕಟ್ಟಿಬಿಡುತ್ತವೆ. ನೂಲು ತೆಗೆಯುವವರು ಅಂಥ ಜೋಡಿಗೂಡನ್ನು ಕಂಡರೆ ಮುಖ ತಿರುಗಿಸುತ್ತಾರೆ. ಬಿಳಿಗೂಡಿನ ಹುಳುವಿನ ವಿಶೇಷವೇನೆಂದರೆ ಹಣ್ಣಾಗುವುದೂ ಜಪಾನೀ ಶಿಸ್ತಿನಲ್ಲಿ, ಎಲ್ಲವೂ ಒಟ್ಟಿಗೆ. ಆಯಲು ಬರುತ್ತಿದ್ದ ಹೆಂಗಸರನ್ನು ಗಾರ್ಮೆಂಟ್ಸಿನವರು ಆ ಭಾನುವಾರವೂ ಓವರ್‌ಟೈಮಿಗೆ ಕರೆದಿದ್ದರು. ಅಪ್ಪ ಬಾಡಿಗೆ ಚಂದ್ರಂಕಿ ತರಲು ಮರಳವಾಡಿಗೆ ಹೋಗಿದ್ದ. ಮನೆಯಲ್ಲಿದ್ದವರು ನಾನು, ಅವ್ವ, ಮಂಜ. ಮತ್ತೆ ಆಟಕ್ಕೆಂದು ಬಂದು ಕೂತಿದ್ದ ಶಿವು ಮತ್ತು ಅವನ ಗುಂಪಿನ ನಾಲ್ಕು ಜನ. ಎಲ್ಲರೂ ಬೇರೆ ಬೇರೆ ಊರುಗಳಿಂದ ಕೆಲಸಕ್ಕೆ ಬಂದವರು. ರೇಷ್ಮೆಯನ್ನು ಸೀರೆಯ ಅಂಗಡಿಯಲ್ಲಿ ಮಾತ್ರ ಕಂಡವರು.

ಒಂಬತ್ತು ಗಂಟೆಗೆ ಸರಿಯಾಗಿ ಕರೆಂಟು ಹೋಯಿತು. ಟಿವಿಯ ಮೇಲೆ ಓಡುತ್ತಿದ್ದ ಪುಟ್ಟ ಮನುಷ್ಯ ಮಾಯವಾದ. ಆರು ಜನ ಗಂಡುಹುಡುಗರು ಕೈಖಾಲಿಯಾಗಿ ಕೂತಿದ್ದನ್ನು ಅವ್ವ ಬಾಗಿಲಲ್ಲಿ ನಿಂತು ನೋಡಿದಳು.

“ಲೋ ಮಕ್ಕಳಾ, ಕರೆಂಟು ಬರಾಗಂಟ ಒಸಿ ಕೈ ಕೊಡ್ತೀರಾ?”

ಹೂಂ ಎಂದರು. ಆದರೆ ಹುಳುವಿಗೆ ಸೆಂಟು, ಪೌಡರು, ಹೊಗೆಸೊಪ್ಪಿನ ವಾಸನೆ ಆಗದು. ಭಾನುವಾರವಾದ್ದರಿಂದ ಎಲ್ಲರೂ ಘಮಘಮ ಎನ್ನುತ್ತಿದ್ದರು. ಅವ್ವ ತೊಟ್ಟಿಯ ಹತ್ತಿರ ನಿಂತು ಒಬ್ಬೊಬ್ಬರ ಮುಖವನ್ನೂ ಕತ್ತನ್ನೂ ತೊಳೆಸಿದಳು. ಮೂರು ಸಲ ಸೋಪು ಹಾಕಿಸಿಕೊಂಡ ಶಿವು, “ಅಮ್ಮ, ನಮ್ ಕಂಪನಿ ಗೇಟಲ್ಲೂ ಇಷ್ಟು ಚೆಕಿಂಗ್ ಇಲ್ಲ” ಎಂದ. “ನಿಮ್ ಕಂಪನೀಲಿ ಉಸಿರಾಡೋ ಸಾಮಾನು ಮಾಡಕಿಲ್ಲ ಕಣಪ್ಪ” ಎಂದು ಅವ್ವ ಅವನ ಕಿವಿಯ ಹಿಂದೆ ತೋರಿಸಿದಳು. ಅಲ್ಲಿನ್ನೂ ಪೌಡರಿತ್ತು.

ಕಲಿಸುವ ಜವಾಬ್ದಾರಿಯನ್ನು ನಾನು ವಹಿಸಿಕೊಂಡೆ. ಹಣ್ಣಾದ ಹುಳುವಿನ ಎಂಟು ಲಕ್ಷಣಗಳನ್ನು ಒಂದು ಹಾಳೆಯ ಮೇಲೆ ಅಂಕಿ ಹಾಕಿ ಬರೆದೆ. ಮೇವು ಬಿಟ್ಟಿರುತ್ತದೆ, ಮೈ ತುಸು ಕುಗ್ಗಿರುತ್ತದೆ, ಬಣ್ಣ ತಿಳಿಜೇನಿನಂತಿರುತ್ತದೆ, ಹೀಗೆ. ಗಟ್ಟಿಯಾಗಿ ಓದಿದೆ. ಅನುಮಾನಗಳಿದ್ದರೆ ಕೇಳಬಹುದು ಎಂದೂ ಹೇಳಿದೆ. ಐದನೇ ಲಕ್ಷಣಕ್ಕೆ ಬರುವಷ್ಟರಲ್ಲಿ ಒಬ್ಬ ಆಕಳಿಸಿದ.

“ಲೇ, ಅಕ್ಕ ಟೆಸ್ಟ್ ಮಡಗ್ತಾರೆ ಕಣ್ಲಾ, ಬರ‍್ಕೊ” ಎಂದು ಶಿವು ಪಿಸುಗುಟ್ಟಿದ್ದು ಎಲ್ಲರಿಗೂ ಕೇಳಿಸಿತು.

ಪರೀಕ್ಷೆ ಶುರುವಾಗಿ ಹತ್ತು ನಿಮಿಷದಲ್ಲೇ ಫಲಿತಾಂಶ ಬಂತು. ಎಲ್ಲರೂ ದಪ್ಪ ದಪ್ಪನೆಯ ಹುಳುಗಳನ್ನೇ ಆಯ್ದು ತುಂಬಿದ್ದರು. ದೊಡ್ಡದಾದರೆ ಹಣ್ಣು ಎಂಬುದು ಅವರ ಲೆಕ್ಕ. ಅಷ್ಟೂ ಕಾಯಿ. ನಾನು ಹಾಳೆಯನ್ನು ಎರಡನೇ ಸಲ, ಇನ್ನೂ ಗಟ್ಟಿಯಾಗಿ ಓದಿದೆ. ಅವ್ವ ಒಮ್ಮೆ ಚಂದ್ರಂಕಿಯನ್ನು ನೋಡಿದಳು, ಒಮ್ಮೆ ಬಾಗಿಲಿಗೆ ಕೊಟ್ಟಿದ್ದ ಸಿಮೆಂಟ್ ಬ್ಲಾಕನ್ನು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ ಮೆತ್ತಗೆ, “ನೀನು ಒಸಿ ಕಾಫಿ ಕಾಯ್ಸವ್ವ” ಎಂದಳು. ಉಗ್ರಾಣದ ಭಾಷೆಯಲ್ಲಿ ಇದಕ್ಕೆ ವರ್ಗಾವಣೆ ಎನ್ನುತ್ತಾರೆ.

ನಾನು ಕಾಫಿಗೆ ಹೋಗದೆ ಬಾಗಿಲಲ್ಲೇ ನಿಂತೆ. ಅವ್ವ ಒಂದು ಖಾಲಿ ತಟ್ಟೆ ತಂದಳು. ಹೊಸ ಸೊಪ್ಪು ಹರಡಿದಳು. ಮೇಯುತ್ತಿದ್ದ ಏಳೆಂಟು ಹುಳುಗಳನ್ನೂ ಹಣ್ಣಾದ ಒಂದೇ ಒಂದನ್ನೂ ಅದರ ಮೇಲೆ ಬಿಟ್ಟು ಶಿವುವಿನ ಮುಂದಿಟ್ಟಳು. ಏನೂ ಹೇಳಲಿಲ್ಲ. ಎಲ್ಲವೂ ತಲೆ ತಗ್ಗಿಸಿ ಕರಕರ ತಿನ್ನುತ್ತಿವೆ. ಒಂದು ಮಾತ್ರ ತಲೆ ಎತ್ತಿ, ಯಾರನ್ನೋ ಹುಡುಕುವಂತೆ ಆಚೆ ಈಚೆ ಆಡಿಸುತ್ತ, ತಟ್ಟೆಯ ಅಂಚಿಗೆ ಹೊರಟಿದೆ. ಶಿವು ಸ್ವಲ್ಪ ಹೊತ್ತು ನೋಡಿದ. ಅದನ್ನೇ ಎತ್ತಿಕೊಂಡ. ಅವ್ವ ಚಂದ್ರಂಕಿ ಮುಂದೆ ಹಿಡಿದಳು.

ಎರಡನೇ ತಟ್ಟೆಯಲ್ಲಿ ಹಣ್ಣಾದವು ಮೂರಿದ್ದವು. ಮೂರನೆಯದರಲ್ಲಿ ಮೋಸವಿತ್ತು. ಬೆರಳು ಗಾತ್ರದ ಒಂದು ಕಾಯಿಹುಳು, ಅದರ ಪಕ್ಕದಲ್ಲೇ ಕುಗ್ಗಿದ ಒಂದು ಹಣ್ಣುಹುಳು. ಶಿವು ದಪ್ಪನೆಯದಕ್ಕೆ ಕೈ ಹಾಕಿದ. ಅವ್ವ ಅದನ್ನು ಅವನ ಕೈಯಿಂದ ತೆಗೆದು ಎಲೆಯ ಮೇಲೆ ಬಿಟ್ಟಳು. ಅದು ಏನೂ ಆಗಿಲ್ಲವೆಂಬಂತೆ ಮೇಯತೊಡಗಿತು.

“ಔಟಾದೆ ಕಣ್ಲಾ” ಎಂದ ಮಂಜ.

“ಇನ್ನೊಂದ್ ಸತಿ ಕೊಡಿ ಅಮ್ಮ” ಎಂದ ಶಿವು.

ಅವನ ಧ್ವನಿಯಲ್ಲಿ ಆಗ ಇದ್ದದ್ದು ಭಾನುವಾರದ ಟಿವಿ ಮುಂದಿನ ಧ್ವನಿಯೇ. ಮಿಕ್ಕವರೂ ತಟ್ಟೆಗೆ ಜಗಳವಾಡತೊಡಗಿದರು. ನಾಲ್ಕನೇ ತಟ್ಟೆಯಲ್ಲಿ ಸೊರಗಿದ ರೋಗದ ಹುಳುವೊಂದು ಸೇರಿತ್ತು. ಐದನೆಯದಕ್ಕೆ ತಟ್ಟೆಯಿಲ್ಲ, ಹುಳು ಸಾಕುವ ಅಸಲಿ ಅಟ್ಟಣಿಗೆಯೇ. ನೂಲು ಬಿಡುವ ಮೊದಲು ಹುಳು ಮೈಯಲ್ಲಿನ ನೀರು ಬಿಡುತ್ತದೆ ಎಂಬುದನ್ನು ಮಾತ್ರ ಅವ್ವ ತಟ್ಟೆಯಲ್ಲಿಟ್ಟು ಕಲಿಸಲಿಲ್ಲ. ಅದನ್ನು ಶಿವು ತನ್ನ ಹೊಸ ಅಂಗಿಯ ಮೇಲೆ ಸ್ವಂತವಾಗಿ ಕಲಿತ. ಅಪ್ಪ ಚಂದ್ರಂಕಿಗಳೊಂದಿಗೆ ಬಂದಾಗ ಒಳಗೆ ಆರು ಜನ ಮಾತಿಲ್ಲದೆ ಆಯುತ್ತಿದ್ದರು. ನಡುವೆ ಕರೆಂಟು ಬಂತು. ಟಿವಿ ತನ್ನಷ್ಟಕ್ಕೆ ರಾಗ ಹಾಡಿಕೊಂಡಿತು. ಯಾರೂ ಏಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅಟ್ಟಣಿಗೆ ಖಾಲಿಯಾಯಿತು. ಅವ್ವ ಎಲ್ಲರಿಗೂ ಮುದ್ದೆ ಉಣ್ಣಲು ಹಾಕಿದಳು.

ಇಂಥ ಸಂದರ್ಭದಲ್ಲಿ ಬರೆಯುವವರು ಏನು ಮಾಡುತ್ತಾರೆಂದು ನಿಮಗೆ ಗೊತ್ತು. ನಾನೂ ಅದನ್ನೇ ಮಾಡಲು ಹೊರಟೆ. ಜಪಾನಿನವರು ಕಂಡುಹಿಡಿದದ್ದು ನಮ್ಮ ಅಜ್ಜಿಯರಿಗೆ ಎಂದೋ ಗೊತ್ತಿತ್ತು ಎಂದು ಒಂದು ಒಳ್ಳೆಯ ವಾಕ್ಯ ಹೊಂದಿಸಿಕೊಂಡು, ಪಾತ್ರೆ ತೊಳೆಯುತ್ತಿದ್ದ ಅವ್ವನನ್ನು ಕೇಳಿದೆ. “ಹಿಂಗೆ ಕಲ್ಸೋದನ್ನ ನಿಂಗೆ ಅಜ್ಜಿ ಹೇಳ್ಕೊಟ್ಟಿದ್ದಾ?”

“ನಮ್ಮವ್ವ ಬಯ್ದು ಕಲ್ಸಿದ್ಲು. ತಪ್ಪಾದ್ರೆ ಮಂಡೆ ಮ್ಯಾಲೆ ಮೊಟಕೋಳು. ಇದು ಆ ಪೆಟ್ಗೆ ನೋಡಿ ಕಲ್ತೆ. ಅಡ್ಗೆ ಮನೆ ಬಾಗ್ಲಿಂದ ವರ್ಸದಿಂದ ನೋಡ್ತಿವ್ನಿ, ಮೊದ್ಲನೇ ಜ್ವರದಲ್ಲಿ ಜಪಾನಿನೋನು ಒಂದೇ ಒಂದು ಹುಳ ಬುಡ್ತಾನೆ. ಯಾಕಂಗೆ ಬುಡ್ತಾನೆ ಅಂತ ನೀನು ಯೋಚ್ನೆ ಮಾಡ್ನಿಲ್ವಾ?”

ಮಾಡಿದ್ದೆ. ಅಡಿಗೆರೆಯನ್ನೂ ಎಳೆದಿದ್ದೆ. ಹೊಂದಿಸಿಕೊಂಡಿದ್ದ ವಾಕ್ಯವೂ ದಂಡವಾಯಿತು. ಆ ದೊಡ್ಡ ಮನುಷ್ಯನ ಪ್ರಭಾವ ಆಟಗಳ ಮೇಲೆ ಎಷ್ಟಾಗಿದೆ ಎಂಬುದನ್ನು ತಿಳಿದವರು ಬರೆದಿದ್ದಾರೆ. ರೇಷ್ಮೆಯ ಮೇಲೆ ಆದದ್ದನ್ನು ಬರೆದಿಡುವ ಕೆಲಸ ನನ್ನ ಪಾಲಿಗೆ ಬಂದಿದೆ.

ಇಷ್ಟು ಬರೆಯುವಷ್ಟರಲ್ಲಿ ಫೋನು ಬಂತು. ಹನ್ನೆರಡು ಗಂಟೆ ಮೂವತ್ತೈದು. ಮಾರುಕಟ್ಟೆಯ ಗಲಾಟೆಯಲ್ಲಿ ಅಪ್ಪ ಕೂಗಿ ಮಾತಾಡುತ್ತಿದ್ದ. ನಾನು ಫೋನನ್ನು ಅವ್ವನ ಕಿವಿಗೆ ಹಿಡಿದೆ. ಅವಳ ಕೈಯೆಲ್ಲ ಸಬೀನ ಪುಡಿಯಾಗಿತ್ತು.

“ಗೂಡು ಪಾಸಾಯ್ತು ಕಣಮ್ಮೀ. ನೂಲು ತೆಗೆಯೋರು ಕಿವಿ ತಾವ ಮಡೀಕಂಡು ಅಲ್ಲಾಡ್ಸಿ ನೋಡುದ್ರು. ಜೋಡಿಗೂಡು ಕಮ್ಮಿ ಅವೆ, ಯಾರು ಆಯ್ದಿದ್ದು ಅಂದ್ರು.”

“ನೀವೇನಂದ್ರಿ?”

“ಕಂಪನಿ ಹುಡುಗ್ರು ಅಂದೆ. ನಗಾಡ್ಬುಟ್ರು.” ಆಮೇಲೆ ಅಪ್ಪ ಇನ್ನೂ ಜೋರಾಗಿ ಕೂಗಿದ. “ಬತ್ತಾ ಬ್ಲಾಕ್ನೋನ ತಾವ ನಿಂತು, ಬ್ಯಾಡ ಅಂತ ಹೇಳ್ಬುಟ್ಟು ಬತ್ತೀನಿ.”

ಅವ್ವ ಹೂಂ ಎಂದಳು. ಕೈ ತೊಳೆದುಕೊಂಡಳು. ನೆಟ್ಟಗೆ ಹುಳುವಿನ ಮನೆಯ ಬಾಗಿಲಿಗೆ ಹೋಗಿ, ಆ ಮಾದರಿ ಬ್ಲಾಕನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು ಟಿವಿಯ ಮುಂದಿಟ್ಟು, ಅದರ ಮೇಲೆ ಕೂತಳು.

“ಎಲ್ಲಿ, ಹಾಕು ಅದ್ನ” ಎಂದಳು ಮಂಜನಿಗೆ.

ಎರಡನೇ ಪಾಳಿಗೆ ಹೊರಡುತ್ತಿದ್ದ ಮಂಜ ಊಟದ ಡಬ್ಬಿ ಕೆಳಗಿಟ್ಟು ಆಟ ಹಾಕಿಕೊಟ್ಟ. ಪುಟ್ಟ ಮನುಷ್ಯ ನಿಂತ. ಎದುರಿನಿಂದ ಆ ಒಂದೇ ಒಂದು ಪ್ರಾಣಿ ತೆವಳಿಕೊಂಡು ಬಂತು. ಅವ್ವ ಅದನ್ನು ನೋಡುತ್ತ ಕೂತಳು. ಅದು ಬಂದು ತಾಕಿತು. ಸತ್ತಳು. ಎರಡನೇ ಸಲವೂ ಹಾಗೆಯೇ.

“ತುಳಿಯವ್ವ ಅದ್ನ” ಎಂದ ಮಂಜ.

“ಹುಳನಾ?”

“ಅದು ಹುಳ ಅಲ್ಲ ಕಣವ್ವ, ಬರೀ ಚಿತ್ರ.”

“ತೆವಳ್ತಾ ಐತಲ್ಲ.”

“ನಮ್ ಗೂಡ್ನ ರಾಮನಗರದಲ್ಲಿ ಬಿಸ್ನೀರ‍್ಗೆ ಹಾಕಕಿಲ್ವಾ ಮತ್ತೆ?” ಎಂದು ಮಂಜ ಕೊಂಕು ತೆಗೆದ.

ಅವ್ವ ಟಿವಿಯಿಂದ ಕಣ್ಣು ಕೀಳಲಿಲ್ಲ. “ಹಾಕ್ತಾರೆ. ಅದು ನಂಗೊತ್ತು, ನಿಂಗೂ ಗೊತ್ತು. ಅದ್ಕೇ ಇರೋಗಂಟ ಚೆಂದಾಗಿ ನೋಡ್ಕತೀವಿ. ಅದ್ಕೂ ತುಳಿಯೋಕೂ ಸಮ ಮಾಡ್ಬ್ಯಾಡ.”

ಮೂರನೇ ಸಲ ಪ್ರಾಣಿ ಹತ್ತಿರ ಬಂದಾಗ ಅವ್ವ ಹಾರುವ ಬಟನ್ ಒತ್ತಿದಳು. ಪುಟ್ಟ ಮನುಷ್ಯ ಅದರ ಮೇಲಿಂದ, ಅದಕ್ಕೆ ತಾಕದಂತೆ, ಆ ಕಡೆಗೆ ಹಾರಿ ಇಳಿದ. ಪ್ರಾಣಿ ತನ್ನ ಪಾಡಿಗೆ ತಾನು ತೆವಳಿಕೊಂಡು ಹೋಯಿತು. ಹೀಗೆ ಇನ್ನೂ ಎರಡನ್ನು ದಾಟಿದಳು. ಆಮೇಲೆ ಗುಂಡಿಗೆ ಬಿದ್ದಳು. ಈ ಸಾವನ್ನು ನಾನು ಗೀಟು ಹಾಕಿ ಎಣಿಸಲಿಲ್ಲ.

“ನೋಡ್ದಾ?” ಎಂದಳು. “ತುಳೀದೆನೂ ಹೋಗ್ಬೋದು ಅಂತ ಜಪಾನಿನೋನು ದಾರಿ ಬುಟ್ಟವ್ನೆ. ಬಾಯ್ಬುಟ್ಟು ಹೇಳಿಲ್ಲ ಅಷ್ಟೇ.”

ಮಂಜ ಬಸ್ಸಿಗೆ ಓಡಿದ. ಅವ್ವ ಬ್ಲಾಕಿನ ಮೇಲೆ ಕೂತೇ ಇದ್ದಾಳೆ. ಈಗ ಗಂಟೆ ಒಂದೂ ಐವತ್ತು. ಅವಳಿಗೊಂದು ಅನುಮಾನ ಬಂದಿದೆ. ಮೊದಲನೇ ಜ್ವರದಿಂದ ಕಡೆಯ ಜ್ವರದವರೆಗೆ ಒಂದೇ ಒಂದು ಹುಳುವನ್ನೂ ತುಳಿಯದೆ ಈ ಆಟ ಮುಗಿಸಲು ಸಾಧ್ಯವೇ? ಮುಂದಿನ ಜ್ವರಗಳಲ್ಲಿ ಬೇರೆ ದಾರಿಯೇ ಇಲ್ಲದಂಥ ಜಾಗ ಎಲ್ಲಾದರೂ ಬರುತ್ತದೆಯೇ? ಮಂಜನ ಗುಂಪಿನವರನ್ನು ಕೇಳಿ ಪ್ರಯೋಜನವಿಲ್ಲ, ಅವರು ಎಲ್ಲವನ್ನೂ ತುಳಿದುಕೊಂಡೇ ಹೋದವರು. ನಿಮ್ಮಲ್ಲಿ ಯಾರಾದರೂ ತುಳಿಯದೆ ಹೋಗಿ ನೋಡಿದವರಿದ್ದರೆ ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಹಾಕಿ. ಸ್ವಲ್ಪ ಬೇಗ ಹಾಕಿದರೆ ಉಪಕಾರ. ಮುಂದಿನ ಬೆಳೆಯ ಮರಿಹುಳು ಬರುವುದರೊಳಗೆ ತಿಳಿಯಬೇಕಂತೆ. ಆಮೇಲೆ ಅವಳಿಗೆ ಪುರುಸೊತ್ತು ಇರುವುದಿಲ್ಲ.